ಕುದಿಸಿ ತಂಪು ಮಾಡುವ ವಿದ್ಯೆ: ರೊಟ್ಟಿಯ ಹಂಚಿನಿಂದ ಕಂಪ್ಯೂಟರಿನವರೆಗೆ



ಇತಿಹಾಸ ಎಂದರೆ ರಾಜರು, ಯುದ್ಧಗಳು, ಒಪ್ಪಂದಗಳು, ಇಸವಿಗಳು ಎಂಬ ಭಾವನೆ ನಮ್ಮ ಮಕ್ಕಳ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿದೆ. ನಾನು ಬಿ.ಎ. ಓದಿದವನು, ವಿಜ್ಞಾನದ ಪದವೀಧರನಲ್ಲ. ಆದರೂ ಒಂದು ಮಾತನ್ನು ಮಕ್ಕಳಿಗೆ ಹೇಳುತ್ತಲೇ ಇರುತ್ತೇನೆ: ಅಕ್ಕಲಕೋಟ ಸಂಸ್ಥಾನಕ್ಕೆ ಇತಿಹಾಸ ಇರುವ ಹಾಗೆಯೇ ಒಂದು ಕುದಿಯುವ ಪಾತ್ರೆಗೂ ಇತಿಹಾಸ ಇದೆ. ಇವತ್ತು ಆ ಪಾತ್ರೆಯ ಕಥೆಯನ್ನೇ ಬರೆಯುತ್ತಿದ್ದೇನೆ. ಇದು ಹಂಚಿನ ಮೇಲಿನ ನೀರಹನಿಯಿಂದ ಶುರುವಾಗಿ, ಸೋಲಾಪುರದ ಗಿರಣಿಗಳನ್ನು ದಾಟಿ, ಬೆಂಗಳೂರಿನ ಕಾರ್ಖಾನೆಯೊಂದನ್ನು ಮುಟ್ಟಿ, ದ್ರವದಲ್ಲಿ ಮುಳುಗಿಸಿಟ್ಟ ಕಂಪ್ಯೂಟರಿನವರೆಗೆ ಹೋಗುವ ಕಥೆ.

ಹೌದು, ಕಂಪ್ಯೂಟರನ್ನು ದ್ರವದಲ್ಲಿ ಮುಳುಗಿಸುತ್ತಾರೆ! ಅಷ್ಟೇ ಅಲ್ಲ, ಆ ದ್ರವ ಕಂಪ್ಯೂಟರಿನ ಬಿಸಿಗೇ ಕುದಿಯುವಂತೆ ಬಿಟ್ಟು, ಆ ಕುದಿಯುವಿಕೆಯಿಂದಲೇ ಕಂಪ್ಯೂಟರನ್ನು ತಂಪು ಮಾಡುತ್ತಾರೆ. ಇದನ್ನು ಹೇಳಿದಾಗ ಎಂಟನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಸರ್, ಕುದಿಸಿದ್ರ ಬಿಸಿ ಆಗ್ತೈತಿ, ತಂಪ ಹೆಂಗ ಆಗ್ತೈತ್ರಿ?" ಎಂದು ಕೇಳಿದ. ಬಹಳ ಒಳ್ಳೆಯ ಪ್ರಶ್ನೆ. ಈ ಲೇಖನ ಅವನಿಗೆ ಉತ್ತರ.

ಮೊದಲು ಗುಪ್ತೋಷ್ಣ

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಉಷ್ಣತೆಯ ಪಾಠದಲ್ಲಿ ಗುಪ್ತೋಷ್ಣ ಎಂಬ ಮಾತು ಬರುತ್ತದೆ. ಮಕ್ಕಳು ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ ಎರಡು ಅಂಕ ತೆಗೆದುಕೊಂಡು ಮರೆತುಬಿಡುತ್ತಾರೆ. ಇಡೀ ಕಥೆಯ ಕೀಲಿಕೈ ಇರುವುದೇ ಅಲ್ಲಿ.

ಒಂದು ಕಿಲೋ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 293 ಕಿಲೋಜೂಲ್ ಶಾಖ ಬೇಕು. ಆದರೆ 100 ಡಿಗ್ರಿಗೆ ಬಂದ ಅದೇ ನೀರನ್ನು ಪೂರ್ತಿ ಆವಿ ಮಾಡಲು ಬೇಕಾಗುವುದು 2257 ಕಿಲೋಜೂಲ್. ಅಂದರೆ ಏಳು ಪಟ್ಟಿಗೂ ಹೆಚ್ಚು! ಇಷ್ಟೆಲ್ಲ ಶಾಖ ಒಳಗೆ ಹೋದರೂ ಉಷ್ಣತೆ ಒಂದು ಡಿಗ್ರಿಯೂ ಏರುವುದಿಲ್ಲ. ಎಷ್ಟೇ ಉರಿ ಹಚ್ಚಿದರೂ ತೆರೆದ ಪಾತ್ರೆಯ ನೀರು 100ರ ಹತ್ತಿರವೇ ನಿಲ್ಲುತ್ತದೆ. ಶಾಖವನ್ನು ಆವಿ ಹೊತ್ತುಕೊಂಡು ಹೋಗುತ್ತದೆ.

ಈಗ ಹುಡುಗನ ಪ್ರಶ್ನೆಗೆ ಬನ್ನಿ. ಕುದಿತ ನೀರಿಗೆ ಬಿಸಿ, ಆದರೆ ಒಲೆಗೆ ಅದು ತಂಪು. ನೀರಿಲ್ಲದ ಪಾತ್ರೆಯನ್ನು ಒಲೆಯ ಮೇಲೆ ಬಿಟ್ಟರೆ ಅದು ಕೆಂಪಗಾಗಿ ಹಾಳಾಗುತ್ತದೆ. ನೀರು ಕುದಿಯುತ್ತಿರುವವರೆಗೆ ಪಾತ್ರೆಗೆ ಏನೂ ಆಗುವುದಿಲ್ಲ. ಪಾತ್ರೆಯ ಜಾಗದಲ್ಲಿ ಒಂದು ಯಂತ್ರವನ್ನು, ನೀರಿನ ಜಾಗದಲ್ಲಿ ಇನ್ನೂ ಕಡಿಮೆ ಉಷ್ಣತೆಗೆ ಕುದಿಯುವ ಒಂದು ದ್ರವವನ್ನು ಇಟ್ಟು ನೋಡಿ. ಯಂತ್ರವೇ ಒಲೆ, ದ್ರವವೇ ಅದರ ಕಾವಲುಗಾರ.

ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಇದೇ ಗುಪ್ತೋಷ್ಣದಿಂದ. ಗಡಿಗೆಯ ಮೈಯಿಂದ ನೀರು ನಿಧಾನವಾಗಿ ಆರುತ್ತದೆ, ಕುದಿಯುವುದಿಲ್ಲ. ಕುದಿತದಲ್ಲಿ ಅದೇ ಕೆಲಸ ಬಹಳ ರಭಸದಿಂದ, ಬಿಸಿ ಮೇಲ್ಮೈಯ ಮೇಲೆಯೇ, ಗುಳ್ಳೆ ಗುಳ್ಳೆಯಾಗಿ ನಡೆಯುತ್ತದೆ.

ಹಂಚಿನ ಮೇಲಿನ ಹನಿ – 1756

ನಮ್ಮ ತಾಯಂದಿರು ಜೋಳದ ರೊಟ್ಟಿ ಹಾಕುವ ಮೊದಲು ಹಂಚು ಕಾದಿದೆಯೋ ಇಲ್ಲವೋ ನೋಡಲು ನಾಲ್ಕು ಹನಿ ನೀರು ಚಿಮುಕಿಸುತ್ತಾರೆ. ಹಂಚು ಅರೆಬರೆ ಕಾದಿದ್ದರೆ ಹನಿ ಸುಮ್ಮನೆ ಹರಡಿಕೊಳ್ಳುತ್ತದೆ. ಸರಿಯಾಗಿ ಕಾದಿದ್ದರೆ "ಚುಂಯ್" ಎಂದು ಕ್ಷಣದಲ್ಲಿ ಹಾರಿಹೋಗುತ್ತದೆ. ಅತಿಯಾಗಿ ಕಾದಿದ್ದರೆ ವಿಚಿತ್ರ! ಹನಿ ಮುತ್ತಿನ ಹಾಗೆ ದುಂಡಗಾಗಿ ಹಂಚಿನ ಮೇಲೆ ಓಡಾಡುತ್ತದೆ, ಬೇಗ ಆರುವುದೇ ಇಲ್ಲ. ಹೆಚ್ಚು ಬಿಸಿಯಾದ ಹಂಚಿನ ಮೇಲೆ ನೀರು ಹೆಚ್ಚು ಹೊತ್ತು ಉಳಿಯುತ್ತದೆ!

ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ ವೈದ್ಯಶಾಸ್ತ್ರ ಕಲಿಸುತ್ತಿದ್ದ ಯೋಹಾನ್ ಗಾಟ್‌ಲೋಬ್ ಲೈಡನ್‌ಫ್ರಾಸ್ಟ್ ಎಂಬುವರು 1756ರಲ್ಲಿ ಇದನ್ನು ಲ್ಯಾಟಿನ್ ಭಾಷೆಯಲ್ಲಿ ವಿವರವಾಗಿ ಬರೆದರು. ಅವರು ಬಳಸಿದ್ದು ಕೆಂಪಗೆ ಕಾಯಿಸಿದ ಕಬ್ಬಿಣದ ಚಮಚ. ಅದರಲ್ಲಿ ಬಿಟ್ಟ ನೀರಹನಿ ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ಉಳಿಯಿತು. ಕಾರಣ ಇಷ್ಟೇ: ಬಿಸಿ ಬಹಳ ಹೆಚ್ಚಾದಾಗ ಹನಿಯ ಕೆಳಭಾಗ ತಕ್ಷಣ ಆವಿಯಾಗಿ, ಆ ಆವಿಯೇ ಒಂದು ತೆಳುವಾದ ಹಾಸಿಗೆಯಾಗುತ್ತದೆ. ಹನಿ ಲೋಹವನ್ನು ಮುಟ್ಟದೆ ಅದರ ಮೇಲೆ ತೇಲುತ್ತದೆ. ಆವಿಯ ಮೂಲಕ ಶಾಖ ಸುಲಭವಾಗಿ ಹರಿಯುವುದಿಲ್ಲ. ನೀರಿಗೆ ಸುಮಾರು 200 ಡಿಗ್ರಿಯ ಮೇಲೆ ಹೀಗಾಗುತ್ತದೆ. ಇದಕ್ಕೆ ಇಂದಿಗೂ ಅವರದೇ ಹೆಸರಿದೆ.

ನಮ್ಮ ತಾಯಂದಿರಿಗೆ ಇದು ತಲೆಮಾರುಗಳಿಂದ ಗೊತ್ತಿತ್ತು, ಆದರೆ ಯಾರೂ ಬರೆದಿಡಲಿಲ್ಲ. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಗಿರಣಿಯ ಬಾಯ್ಲರ್

ಸೋಲಾಪುರವನ್ನು "ಗಿರಣಿ ಊರು" ಎನ್ನುತ್ತಿದ್ದ ಕಾಲವಿತ್ತು. 1877ರ ಸುಮಾರಿಗೆ ಇಲ್ಲಿ ಶುರುವಾದ ಸೋಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಮಿಲ್ಲನ್ನು ಜನ "ಜುನೀ ಮಿಲ್" ಎಂದೇ ಕರೆದರು. ಆಮೇಲೆ ನರಸಿಂಗಗಿರಜಿ, ಲಕ್ಷ್ಮೀ, ವಿಷ್ಣು ಮಿಲ್ಲುಗಳು ಬಂದವು. ಅಕ್ಕಲಕೋಟ, ಇಂಡಿ, ಆಳಂದ ಕಡೆಯಿಂದ ಎಷ್ಟೋ ಕನ್ನಡ ಮನೆತನಗಳು ಹೊಟ್ಟೆಪಾಡಿಗೆ ಇಲ್ಲಿಗೆ ಬಂದವು. ಆ ಗಿರಣಿಗಳನ್ನು ಓಡಿಸುತ್ತಿದ್ದದ್ದು ಉಗಿ. ಉಗಿ ಹುಟ್ಟುತ್ತಿದ್ದದ್ದು ಬಾಯ್ಲರಿನಲ್ಲಿ.

ಬಾಯ್ಲರ್ ನೋಡಿಕೊಳ್ಳುವವನಿಗೆ ಎರಡು ಭಯ. ಒಂದು, ನೀರಿನ ಮಟ್ಟ ಇಳಿದು ಉರಿ ತಾಗುವ ತಗಡು ಒಣಗುವುದು. ಎರಡು, ಗಡುಸು ನೀರಿನ ಸುಣ್ಣ ತಗಡಿನ ಒಳಗೆ ಪದರಾಗಿ ಕಟ್ಟುವುದು. ಎರಡರಲ್ಲೂ ಆಗುವುದು ಒಂದೇ: ಲೋಹಕ್ಕೆ ನೀರಿನ ಸ್ಪರ್ಶ ತಪ್ಪುತ್ತದೆ, ಶಾಖ ಹೊರಗೆ ಹೋಗದೆ ಲೋಹ ಮೆತ್ತಗಾಗುತ್ತದೆ, ಒಳಗಿನ ಒತ್ತಡಕ್ಕೆ ಸಿಡಿಯುತ್ತದೆ. ಇಂಥ ಅನಾಹುತಗಳನ್ನು ತಡೆಯಲೆಂದೇ 1923ರಲ್ಲಿ ಇಂಡಿಯನ್ ಬಾಯ್ಲರ್ಸ್ ಆಕ್ಟ್ ಬಂತು. ನೂರು ವರ್ಷದ ಮೇಲೆ, 2025ರಲ್ಲಿ, ಅದರ ಜಾಗಕ್ಕೆ ಹೊಸ ಕಾಯಿದೆ ಬಂದಿದೆ.

ನಮ್ಮದೇ ಜಿಲ್ಲೆಯ ಇನ್ನೊಂದು ಸೋಜಿಗ ಹೇಳಬೇಕು. ದಕ್ಷಿಣ ಸೋಲಾಪುರ ತಾಲೂಕಿನ ಫತಾಟೆವಾಡಿ ಹತ್ತಿರದ ಎನ್‌ಟಿಪಿಸಿ ವಿದ್ಯುತ್ ಕೇಂದ್ರದಲ್ಲಿ 660 ಮೆಗಾವ್ಯಾಟ್‌ನ ಎರಡು ಘಟಕಗಳಿವೆ (2017 ಮತ್ತು 2019). ಇವು ಸೂಪರ್ ಕ್ರಿಟಿಕಲ್ ಘಟಕಗಳು. ಸುಮಾರು 221 ಬಾರ್‌ಗಿಂತ ಹೆಚ್ಚಿನ ಒತ್ತಡದಲ್ಲಿ ನೀರು ಗುಳ್ಳೆ ಬಿಟ್ಟು ಕುದಿಯುವುದೇ ಇಲ್ಲ. ನೀರು, ಆವಿ ಎಂಬ ಭೇದವೇ ಅಳಿಸಿಹೋಗುತ್ತದೆ. ಕುದಿಯದ ಬಾಯ್ಲರ್ ನಮ್ಮ ಊರ ಪಕ್ಕದಲ್ಲೇ ಇದೆ!

ಜಪಾನಿನ ಒಂದು ತಂತಿ – 1934

ಬಾಯ್ಲರುಗಳು ನೂರಾರು ವರ್ಷ ಓಡಿದವು. ಆದರೆ ಕುದಿಯುವಾಗ ಶಾಖ ಎಷ್ಟು ಹೋಗುತ್ತದೆ, ಅದಕ್ಕೆ ಮಿತಿ ಇದೆಯೇ ಎಂದು ಅಳೆದು ತೋರಿಸಿದವರು ಶಿರೋ ನುಕಿಯಾಮಾ. ಜಪಾನಿನ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು.

ಅವರ ಪ್ರಯೋಗ ನಮ್ಮ ಶಾಲೆಯ ಪ್ರಯೋಗದಷ್ಟೇ ಸರಳ. ನೀರಿನಲ್ಲಿ ಒಂದು ತೆಳುವಾದ ಲೋಹದ ತಂತಿಯನ್ನು ಮುಳುಗಿಸಿ ಅದರಲ್ಲಿ ವಿದ್ಯುತ್ ಹರಿಸಿದರು. ತಂತಿಯೇ ಒಲೆ, ತಂತಿಯೇ ಉಷ್ಣಮಾಪಕ. ಏಕೆಂದರೆ ತಂತಿ ಬಿಸಿಯಾದಂತೆ ಅದರ ವಿದ್ಯುತ್ ರೋಧ ಬದಲಾಗುತ್ತದೆ, ಅದರಿಂದ ಉಷ್ಣತೆ ಲೆಕ್ಕ ಹಾಕಬಹುದು. ವಿದ್ಯುತ್ ಹೆಚ್ಚಿಸುತ್ತಾ ಹೋದಾಗ ಕಂಡದ್ದು ಹೀಗೆ:

1) ಮೊದಲು ನೀರು ಸುಮ್ಮನೆ ಬಿಸಿಯಾಗಿ ಮೇಲೇಳುತ್ತದೆ, ಗುಳ್ಳೆ ಇಲ್ಲ.

2) ಆಮೇಲೆ ತಂತಿಯ ಮೇಲೆ ಅಲ್ಲಲ್ಲಿ ಗುಳ್ಳೆ ಹುಟ್ಟಿ ಬಿಡುತ್ತದೆ. ಗುಳ್ಳೆ ಬಿಟ್ಟುಹೋದ ಜಾಗಕ್ಕೆ ಹೊಸ ನೀರು ನುಗ್ಗುತ್ತದೆ. ಶಾಖ ಬಹಳ ಚೆನ್ನಾಗಿ ಹೊರಹೋಗುತ್ತದೆ. ಇದು ಗುಳ್ಳೆಯ ಕುದಿತ.

3) ಒಂದು ಮಿತಿ ಬಂದಾಗ ಗುಳ್ಳೆಗಳು ಎಷ್ಟು ಒತ್ತೊತ್ತಾಗುತ್ತವೆ ಎಂದರೆ, ಮೇಲೇಳುವ ಆವಿ ಕೆಳಗಿಳಿಯುವ ನೀರಿಗೆ ದಾರಿಯನ್ನೇ ಕೊಡುವುದಿಲ್ಲ. ತಂತಿಯ ಸುತ್ತ ಆವಿಯ ಪೊರೆ ಕಟ್ಟುತ್ತದೆ. ಲೈಡನ್‌ಫ್ರಾಸ್ಟ್ ಅವರ ಹನಿಯ ಕೆಳಗೆ ಇದ್ದದ್ದೂ ಇದೇ ಪೊರೆ.

4) ಆ ಕ್ಷಣದಲ್ಲಿ ತಂತಿಯ ಉಷ್ಣತೆ ಒಮ್ಮೆಲೇ ನೂರಾರು ಡಿಗ್ರಿ ಜಿಗಿಯುತ್ತದೆ. ನಿಕ್ರೋಮ್ ತಂತಿ ಕರಗಿ ತುಂಡಾಯಿತು. 1768 ಡಿಗ್ರಿಯವರೆಗೆ ಕರಗದ ಪ್ಲಾಟಿನಂ ತಂತಿ ಮಾತ್ರ ನೀರಿನೊಳಗೇ ಕೆಂಪಗೆ ಹೊಳೆಯುತ್ತಾ ಉಳಿಯಿತು!

ಮೂರನೆಯ ಹಂತದ ಆ ಮಿತಿಯನ್ನು ಇಂಜಿನಿಯರುಗಳು ಕ್ರಿಟಿಕಲ್ ಹೀಟ್ ಫ್ಲಕ್ಸ್ ಎನ್ನುತ್ತಾರೆ. ಸಾಮಾನ್ಯ ಒತ್ತಡದ ನೀರಿಗೆ ಅದು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 100 ವ್ಯಾಟ್. ಕುದಿತದಿಂದ ತಂಪು ಮಾಡುವ ಪ್ರತಿಯೊಬ್ಬರೂ ಕಣ್ಣಿಟ್ಟು ಕಾಯಬೇಕಾದ ಗೆರೆ ಇದು. ಗೆರೆಯ ಈಚೆ ಕುದಿತ ಕಾಪಾಡುತ್ತದೆ, ಗೆರೆ ದಾಟಿದರೆ ಅದೇ ಕುದಿತ ಸುಟ್ಟುಹಾಕುತ್ತದೆ. ಮುಂದೆ ರಷ್ಯಾದ ಕುತಾತೆಲಾಡ್ಜೆ (1948), ಅಮೆರಿಕದ ರೋಸೆನೊ (1952) ಮತ್ತು ಜುಬರ್ (1959) ಇದಕ್ಕೆಲ್ಲ ಗಣಿತದ ಸೂತ್ರಗಳನ್ನು ಕಟ್ಟಿದರು.

ಕನ್ನಡ ಮಾಧ್ಯಮದವರು ವಿಶೇಷವಾಗಿ ಗಮನಿಸಬೇಕಾದ ವಿಷಯ ಇಲ್ಲಿದೆ. ನುಕಿಯಾಮಾ ಈ ಪ್ರಬಂಧವನ್ನು ಬರೆದದ್ದು ಇಂಗ್ಲಿಷಿನಲ್ಲಲ್ಲ, ಜಪಾನೀ ಭಾಷೆಯಲ್ಲಿ! ಅದರ ಪೂರ್ಣ ಇಂಗ್ಲಿಷ್ ಅನುವಾದ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಬಂದದ್ದು 1966ರಲ್ಲಿ, ಅಂದರೆ 32 ವರ್ಷಗಳ ನಂತರ. ಇಂದು ಜಗತ್ತಿನ ಯಾವುದೇ ಉಷ್ಣಶಾಸ್ತ್ರದ ಪುಸ್ತಕ ತೆರೆದರೂ ಕುದಿತದ ಅಧ್ಯಾಯ ಅವರ ಹೆಸರಿನಿಂದ ಶುರುವಾಗುತ್ತದೆ.

ಎಣ್ಣೆಯಲ್ಲಿ ಮುಳುಗಿದ ಯಂತ್ರಗಳು

ವಿದ್ಯುತ್ ಯಂತ್ರವನ್ನು ದ್ರವದಲ್ಲಿ ಮುಳುಗಿಸುವುದು ಹೊಸ ಸಂಗತಿಯೇನಲ್ಲ. ನಿಮ್ಮ ಊರಿನ ಟ್ರಾನ್ಸ್‌ಫಾರ್ಮರ್ ನೋಡಿ. ಅದರ ಡಬ್ಬಿಯೊಳಗೆ ತಾಮ್ರದ ಸುರುಳಿಗಳು ಎಣ್ಣೆಯಲ್ಲಿ ಮುಳುಗಿವೆ. 1890ರ ದಶಕದಿಂದಲೂ ಇದೇ ಪದ್ಧತಿ. ಎಣ್ಣೆ ಎರಡು ಕೆಲಸ ಮಾಡುತ್ತದೆ: ವಿದ್ಯುತ್ತನ್ನು ತಡೆಯುತ್ತದೆ, ಶಾಖವನ್ನು ಹೊರಗಿನ ರೆಕ್ಕೆಗಳಿಗೆ ಒಯ್ಯುತ್ತದೆ. ನೀರಾದರೆ ಒಯ್ಯುತ್ತದೆ, ಆದರೆ ತಡೆಯುವುದಿಲ್ಲ.

ಈ ವಿಷಯದಲ್ಲಿ ಸೋಲಾಪುರಕ್ಕೆ ದೇಶದ ಇತಿಹಾಸದಲ್ಲಿ ಒಂದು ಜಾಗವಿದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕಿಲೋವೋಲ್ಟ್ ವಿದ್ಯುತ್ ಮಾರ್ಗ ಚಾಲನೆಗೊಂಡಿತು. ಅದುವರೆಗೆ ಪ್ರತ್ಯೇಕವಾಗಿ ಮಿಡಿಯುತ್ತಿದ್ದ ದಕ್ಷಿಣ ಭಾರತದ ಗ್ರಿಡ್ ಅಂದು ಉಳಿದ ದೇಶದ ಗ್ರಿಡ್ಡಿನ ಜೊತೆ ಒಂದೇ ಆವರ್ತನದಲ್ಲಿ ಕೂಡಿಕೊಂಡಿತು. ಇಡೀ ದೇಶವನ್ನು ಒಂದು ಮಾಡಿದ ಆ ತಂತಿ ರಾಯಚೂರಿನಿಂದ ನಮ್ಮ ಸೋಲಾಪುರಕ್ಕೇ ಬರುತ್ತದೆ. ಅದರ ಎರಡೂ ತುದಿಯ ದೈತ್ಯ ಟ್ರಾನ್ಸ್‌ಫಾರ್ಮರುಗಳು ಎಣ್ಣೆಯಲ್ಲಿ ಮುಳುಗಿಯೇ ಕೆಲಸ ಮಾಡುತ್ತವೆ.

ಆದರೆ ಟ್ರಾನ್ಸ್‌ಫಾರ್ಮರ್ ಎಣ್ಣೆ ಕುದಿಯುವುದಿಲ್ಲ, ಕುದಿಯಲೂಬಾರದು. ಅಲ್ಲಿ ಎಣ್ಣೆ ಬಿಸಿಯಾಗಿ ಹರಿಯುತ್ತದೆ, ಅಷ್ಟೇ. ಕುದಿತವನ್ನೇ ಬೇಕೆಂದು ತಂದವರು ರೇಡಿಯೋದವರು.

ರೇಡಿಯೋ ವಾಲ್ವಿನೊಳಗಿನ ಉಗಿ

ಗಡಿಭಾಗದ ಕನ್ನಡಿಗರಿಗೆ ಧಾರವಾಡ ಆಕಾಶವಾಣಿ ಎಂದರೆ ಏನೆಂದು ಹೊಸದಾಗಿ ಹೇಳಬೇಕಿಲ್ಲ. 1950ರ ಜನವರಿ 8ರಂದು ಶುರುವಾದ ಆ ಕೇಂದ್ರದ ಧ್ವನಿ ಮಧ್ಯಮ ತರಂಗದಲ್ಲಿ ನಮ್ಮ ಹಳ್ಳಿಗಳವರೆಗೆ ಬರುತ್ತಿತ್ತು. ಶಾಲೆಯಲ್ಲಿ ಕನ್ನಡ ಪುಸ್ತಕ ಸಿಗದ ದಿನಗಳಲ್ಲೂ ರೇಡಿಯೋದಲ್ಲಿ ಕನ್ನಡ ಸಿಗುತ್ತಿತ್ತು. ಅಷ್ಟು ದೂರ ಧ್ವನಿ ಕಳಿಸಲು ನೂರಾರು ಕಿಲೋವ್ಯಾಟ್ ಬೇಕು. ಆ ಕಾಲದ ಟ್ರಾನ್ಸ್‌ಮಿಟರಿನ ದೊಡ್ಡ ವಾಲ್ವುಗಳಲ್ಲಿ ಎಲೆಕ್ಟ್ರಾನುಗಳು ತಾಮ್ರದ ಆನೋಡಿಗೆ ಬಡಿದು ಭಯಂಕರ ಶಾಖ ಹುಟ್ಟುತ್ತಿತ್ತು. ಗಾಳಿ ಊದಿದರೆ ಸಾಲದು. ನೀರು ಹರಿಸಿದರೂ ಬಹಳ ನೀರು ಬೇಕು.

ಫ್ರಾನ್ಸಿನ ಥಾಮ್ಸನ್-ಹೂಸ್ಟನ್ ಕಂಪನಿಯ ಇಂಜಿನಿಯರ್ ಶಾರ್ಲ್ ಬರ್ತರೆ 1950ರ ದಶಕದಲ್ಲಿ "ವೇಪೋಟ್ರಾನ್" ಎಂಬ ಉಪಾಯವನ್ನು ಬೆಳೆಸಿದರು. ಆನೋಡಿನ ಹೊರಮೈಗೆ ದಪ್ಪ ದಪ್ಪ ತಾಮ್ರದ ಹಲ್ಲುಗಳನ್ನು ಮಾಡಿ ನೀರಿನಲ್ಲಿ ಮುಳುಗಿಸಿ, ನೀರನ್ನು ಕುದಿಯಲು ಬಿಟ್ಟರು. ಉಗಿ ಮೇಲೇರಿ ಕಂಡೆನ್ಸರಿನಲ್ಲಿ ಮತ್ತೆ ನೀರಾಗಿ ಇಳಿಯುತ್ತದೆ. ಜಾಣತನ ಇರುವುದು ಹಲ್ಲುಗಳಲ್ಲಿ. ಹಲ್ಲಿನ ಬುಡ ಹೆಚ್ಚು ಬಿಸಿ, ತುದಿ ಕಡಿಮೆ ಬಿಸಿ. ಬುಡದಲ್ಲಿ ಆವಿಯ ಪೊರೆ ಕಟ್ಟಿದರೂ ತುದಿಯಲ್ಲಿ ಗುಳ್ಳೆಯ ಕುದಿತ ನಡೆದೇ ಇರುತ್ತದೆ. ಹೀಗಾಗಿ ನುಕಿಯಾಮಾ ಅವರ ತಂತಿಯ ಹಾಗೆ ಒಮ್ಮೆಲೇ ಸುಟ್ಟುಹೋಗುವ ಭಯ ತಗ್ಗಿತು.

ಇಲ್ಲಿಂದ ಬೆಂಗಳೂರಿಗೆ ದಾರಿ ಬರುತ್ತದೆ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) 1954ರಲ್ಲಿ ಸ್ಥಾಪನೆಯಾದದ್ದು ಫ್ರಾನ್ಸಿನದೇ ಸಿಎಸ್ಎಫ್ ಎಂಬ ಕಂಪನಿಯ ತಾಂತ್ರಿಕ ಸಹಕಾರದಿಂದ. (ಥಾಮ್ಸನ್ ಮತ್ತು ಸಿಎಸ್ಎಫ್ ಮುಂದೆ 1968ರಲ್ಲಿ ಒಂದಾದವು.) ಬಿಇಎಲ್ 1964ರಲ್ಲಿ ಆಕಾಶವಾಣಿಗೆ ಟ್ರಾನ್ಸ್‌ಮಿಟರುಗಳನ್ನು, 1967ರಲ್ಲಿ ಟ್ರಾನ್ಸ್‌ಮಿಟರಿನ ದೊಡ್ಡ ವಾಲ್ವುಗಳನ್ನು ಮಾಡತೊಡಗಿತು. ಮುಂದೆ ಅದು ಆಕಾಶವಾಣಿಗಾಗಿ ತಯಾರಿಸಿದ ಎಚ್ಎಂಬಿ 140 ಎಂಬ 100 ಕಿಲೋವ್ಯಾಟ್ ಮಧ್ಯಮ ತರಂಗದ ಟ್ರಾನ್ಸ್‌ಮಿಟರಿನಲ್ಲಿ ಇದ್ದದ್ದು ಆವಿಯಿಂದ ತಂಪಾಗುವ ವಾಲ್ವುಗಳೇ. ಅಂದರೆ ಕುದಿತದಿಂದ ಎಲೆಕ್ಟ್ರಾನಿಕ್ಸ್ ತಂಪು ಮಾಡುವ ವಿದ್ಯೆ ಕನ್ನಡ ನಾಡಿಗೆ ಕಂಪ್ಯೂಟರಿಗಿಂತ ಮೊದಲೇ, ರೇಡಿಯೋ ಮೂಲಕ ಬಂದಿತ್ತು.

ಕಂಪ್ಯೂಟರುಗಳ ಸರದಿ

ವಾಲ್ವಿನ ಬಳಿಕ ಟ್ರಾನ್ಸಿಸ್ಟರ್ ಬಂದಾಗ ಶಾಖದ ಕಾಟ ತೀರಿತು ಎಂದುಕೊಂಡರು. ಆದರೆ ಚಿಪ್ಪಿನಲ್ಲಿ ಟ್ರಾನ್ಸಿಸ್ಟರುಗಳು ಸಾವಿರ, ಲಕ್ಷ, ಕೋಟಿ ಎಂದು ಏರುತ್ತಾ ಹೋದಂತೆ ಶಾಖವೂ ಒಂದೇ ಜಾಗದಲ್ಲಿ ಗುಡ್ಡೆಯಾಯಿತು.

ಅಮೆರಿಕದ ಸೀಮೋರ್ ಕ್ರೇ 1985ರಲ್ಲಿ ಹೊರತಂದ ಕ್ರೇ-2 ಸೂಪರ್ ಕಂಪ್ಯೂಟರಿನಲ್ಲಿ ಸರ್ಕೀಟುಗಳನ್ನೆಲ್ಲ ಫ್ಲೋರಿನರ್ಟ್ ಎಂಬ ದ್ರವದಲ್ಲಿ ಮುಳುಗಿಸಿದ್ದರು. 3ಎಂ ಕಂಪನಿಯ ಈ ದ್ರವ ನೀರಿನ ಹಾಗೆ ತಿಳಿಯಾಗಿದ್ದರೂ ವಿದ್ಯುತ್ ಹರಿಯಗೊಡುವುದಿಲ್ಲ, ಬೆಂಕಿ ಹಿಡಿಯುವುದಿಲ್ಲ. ಜನ ಆ ಯಂತ್ರಕ್ಕೆ "ಬಬಲ್ಸ್", ಅಂದರೆ ಗುಳ್ಳೆಗಳು ಎಂದು ಅಡ್ಡಹೆಸರಿಟ್ಟರು. ತಮಾಷೆ ಎಂದರೆ ಅದರಲ್ಲಿ ದ್ರವ ಕುದಿಯುತ್ತಿರಲಿಲ್ಲ, ಪಂಪಿನಿಂದ ಹರಿಯುತ್ತಿತ್ತು ಅಷ್ಟೇ.

ಭಾರತಕ್ಕೆ ಅಂಥ ಯಂತ್ರ ಸುಲಭವಾಗಿ ಸಿಗಲಿಲ್ಲ. ಹವಾಮಾನ ಮುನ್ಸೂಚನೆಗೆಂದು ಕೇಳಿದ ಹೆಚ್ಚು ಶಕ್ತಿಯ ಕ್ರೇ ಯಂತ್ರಕ್ಕೆ ಅಮೆರಿಕ ಒಪ್ಪಲಿಲ್ಲ. ಕಡಿಮೆ ಶಕ್ತಿಯ ಕ್ರೇ ಎಕ್ಸ್-ಎಂಪಿ/14 ಮಾತ್ರ 1988-89ರಲ್ಲಿ ದಿಲ್ಲಿಗೆ ಬಂತು. ಅದರಲ್ಲಿ ತಂಪು ಮಾಡುತ್ತಿದ್ದದ್ದು ಫ್ರಿಜ್ಜಿನಲ್ಲಿರುವಂತೆ ನಳಿಗೆಗಳಲ್ಲಿ ಹರಿಯುವ ಫ್ರಿಯಾನ್. ಆದರೆ ನಮ್ಮವರು ಸುಮ್ಮನೆ ಕೂರಲಿಲ್ಲ. ಬೆಂಗಳೂರಿನ ಎನ್ಎಎಲ್‌ನಲ್ಲಿ 1986ರಲ್ಲೇ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಸಿದ್ಧವಾಗಿತ್ತು. ನಮ್ಮಿಂದ 250 ಕಿಲೋಮೀಟರ್ ದೂರದ ಪುಣೆಯಲ್ಲಿ 1988ರಲ್ಲಿ ಸಿ-ಡ್ಯಾಕ್ ಶುರುವಾಗಿ, ವಿಜಯ ಭಟಕರ ಅವರ ನೇತೃತ್ವದಲ್ಲಿ 1991ರಲ್ಲಿ ಪರಮ್ 8000 ಬಂತು. ಅದೇ ಪರಮ್ ಮನೆತನದ ಪರಮ್ ಪ್ರವೇಗ 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದೆ. ಅದರ ಶಕ್ತಿ 3.3 ಪೆಟಾಫ್ಲಾಪ್ಸ್. ಆ ಮಾದರಿಯ ಯಂತ್ರಗಳಲ್ಲಿ ಚಿಪ್ಪಿನ ಮೇಲಿನ ಲೋಹದ ಫಲಕದೊಳಗೆ ನೀರು ಹರಿಯುತ್ತದೆ.

ಇನ್ನೊಂದು ಗುಟ್ಟು. ಕುದಿಯುವ ವಿದ್ಯೆ ನಿಮ್ಮ ಕೈಯಲ್ಲಿರುವ ಲ್ಯಾಪ್‌ಟಾಪಿನಲ್ಲೂ ಇದೆ! ಅದರೊಳಗಿನ ಚಪ್ಪಟೆ ತಾಮ್ರದ ಕೊಳವೆಗೆ ಹೀಟ್ ಪೈಪ್ ಎನ್ನುತ್ತಾರೆ. ಒಳಗೆ ಗಾಳಿ ತೆಗೆದು ಸ್ವಲ್ಪ ನೀರು ಹಾಕಿ ಮುಚ್ಚಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ನೀರು ಚಿಪ್ಪಿನ ಸಾಧಾರಣ ಬಿಸಿಗೇ ಆವಿಯಾಗಿ, ಫ್ಯಾನಿನ ತುದಿಯಲ್ಲಿ ಮತ್ತೆ ನೀರಾಗಿ, ಒಳಗಿನ ಬತ್ತಿಯ ಮೂಲಕ ಹಿಂತಿರುಗುತ್ತದೆ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಜಾರ್ಜ್ ಗ್ರೋವರ್ ಇದನ್ನು ಮಾಡಿ ತೋರಿಸಿದರು. ನಮ್ಮ ಇಸ್ರೋ ಉಪಗ್ರಹಗಳಲ್ಲಿ ನೀರಿನ ಬದಲು ಅಮೋನಿಯಾ ತುಂಬಿದ ಇಂಥ ಕೊಳವೆಗಳಿರುತ್ತವೆ.

ಕುದಿಯುವ ತೊಟ್ಟಿ

ಈಗ ಚಿಪ್ಪುಗಳ ಶಾಖ ಎಷ್ಟೆಂದು ಲೆಕ್ಕ ಹಾಕೋಣ. ಮನೆಯ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆಯ ತಳ ಸುಮಾರು 200 ಚದರ ಸೆಂಟಿಮೀಟರ್. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 5 ವ್ಯಾಟ್. 2022ರಲ್ಲಿ ಬಂದ ಎನ್ವಿಡಿಯಾ ಎಚ್100 ಎಂಬ ಚಿಪ್ಪಿಗೆ 700 ವ್ಯಾಟಿನವರೆಗೆ ಬೇಕು, ಅದರ ವಿಸ್ತೀರ್ಣ ಕೇವಲ 8.14 ಚದರ ಸೆಂಟಿಮೀಟರ್. ಭಾಗಿಸಿ ನೋಡಿ: 86 ವ್ಯಾಟ್! ಇಸ್ತ್ರಿ ಪೆಟ್ಟಿಗೆಯ ಹದಿನೇಳು ಪಟ್ಟು. ಆದರೂ ಅದು ಇಸ್ತ್ರಿಯಷ್ಟು ಬಿಸಿಯಾಗುವಂತಿಲ್ಲ, ಆದರೆ ಕೆಟ್ಟುಹೋಗುತ್ತದೆ.

ಇದಕ್ಕೆ ಒಂದು ಉತ್ತರವೇ ಕುದಿಯುವ ತೊಟ್ಟಿ. ಮುಚ್ಚಿದ ತೊಟ್ಟಿಯಲ್ಲಿ ಫ್ಲೋರಿನರ್ಟ್ ಜಾತಿಯ ದ್ರವ ತುಂಬಿ ಕಂಪ್ಯೂಟರ್ ಹಲಗೆಗಳನ್ನು ಹಾಗೇ ಇಳಿಬಿಡುತ್ತಾರೆ. ಎಫ್‌ಸಿ-72 ಎಂಬ ದ್ರವ 56 ಡಿಗ್ರಿಗೆ, ನೋವೆಕ್ 649 ಎಂಬುದು 49 ಡಿಗ್ರಿಗೆ ಕುದಿಯುತ್ತದೆ. ಚಿಪ್ಪಿನ ಮೇಲೆ ಗುಳ್ಳೆಗಳೆದ್ದು ಆವಿ ಮೇಲೇರುತ್ತದೆ. ತೊಟ್ಟಿಯ ಮೇಲ್ಭಾಗದಲ್ಲಿ ತಣ್ಣೀರು ಹರಿಯುವ ಸುರುಳಿ ಕೊಳವೆ ಇರುತ್ತದೆ. ಆವಿ ಅದಕ್ಕೆ ತಾಗಿ ಹನಿಯಾಗಿ ಮತ್ತೆ ತೊಟ್ಟಿಗೇ ಬೀಳುತ್ತದೆ. ತೊಟ್ಟಿಯೊಳಗೆ ಫ್ಯಾನೂ ಬೇಡ, ಪಂಪೂ ಬೇಡ. ಮೋಡ, ಮಳೆ, ಹೊಳೆ ಎಂದು ನಾವು ಕಲಿಸುವ ಜಲಚಕ್ರವೇ ಒಂದು ಪೆಟ್ಟಿಗೆಯಲ್ಲಿ! 2021ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಅಮೆರಿಕದ ಕ್ವಿನ್ಸಿ ಎಂಬ ಊರಿನ ತನ್ನ ಡೇಟಾ ಸೆಂಟರಿನಲ್ಲಿ 50 ಡಿಗ್ರಿಗೆ ಕುದಿಯುವ ದ್ರವದ ಇಂಥ ತೊಟ್ಟಿಯನ್ನು ನಿಜವಾದ ಕೆಲಸಕ್ಕೆ ಇಳಿಸಿತು.

ಆದರೆ ತೊಂದರೆಗಳಿವೆ. ಮೊದಲನೆಯದು, ಈ ದ್ರವದ ಗುಪ್ತೋಷ್ಣ ಬಹಳ ಕಡಿಮೆ. ಎಫ್‌ಸಿ-72ರದು ಕಿಲೋಗೆ ಸುಮಾರು 88 ಕಿಲೋಜೂಲ್, ನೀರಿನ ಇಪ್ಪತ್ತೈದನೆಯ ಒಂದು ಭಾಗ. ನಯವಾದ ಮೇಲ್ಮೈಯ ಮೇಲೆ ಅದರ ಕ್ರಿಟಿಕಲ್ ಹೀಟ್ ಫ್ಲಕ್ಸ್ 15–20 ವ್ಯಾಟ್ ಮಾತ್ರ. ನಮ್ಮ ಚಿಪ್ಪಿಗೆ 86! ಹಾಗೇ ಮುಳುಗಿಸಿದರೆ ನುಕಿಯಾಮಾ ಅವರ ನಿಕ್ರೋಮ್ ತಂತಿಯ ಗತಿಯೇ. ಅದಕ್ಕೇ ಚಿಪ್ಪಿನ ಮೇಲೆ ಅಗಲವಾದ ತಾಮ್ರದ ಫಲಕ ಕೂರಿಸಿ ಶಾಖವನ್ನು ಹರಡುತ್ತಾರೆ, ಫಲಕದ ಮೈಯನ್ನು ಸೂಕ್ಷ್ಮ ರಂಧ್ರಗಳಿಂದ ಒರಟು ಮಾಡುತ್ತಾರೆ. ಗುಳ್ಳೆ ಹುಟ್ಟುವುದು ಇಂಥ ಸಣ್ಣ ಸಣ್ಣ ಗುಳಿಗಳಲ್ಲೇ.

ಎರಡನೆಯದು ಇನ್ನೂ ದೊಡ್ಡದು. ಈ ದ್ರವಗಳಲ್ಲಿರುವ ಇಂಗಾಲ–ಫ್ಲೋರಿನ್ ಬಂಧ ಬಹಳ ಗಟ್ಟಿ. ದ್ರವ ಏನಕ್ಕೂ ಜಗ್ಗದಿರಲು ಅದೇ ಕಾರಣ, ಪರಿಸರದಲ್ಲಿ ಬಹುಕಾಲ ಕರಗದೆ ಉಳಿಯಲೂ ಅದೇ ಕಾರಣ. ಇವು ಪಿಎಫ್ಎಎಸ್ ಎಂಬ ದೊಡ್ಡ ಗುಂಪಿಗೆ ಸೇರುತ್ತವೆ. ಪತ್ರಿಕೆಗಳು ಆ ಗುಂಪನ್ನು "ಶಾಶ್ವತ ರಾಸಾಯನಿಕಗಳು" ಎನ್ನುತ್ತವೆ. ಸುಲಭವಾಗಿ ಹಾರಿಹೋಗುವ ಎಫ್‌ಸಿ-72ರಂಥವು ಭೂಮಿಯನ್ನು ಬಿಸಿ ಮಾಡುವ ಅನಿಲಗಳೂ ಹೌದು. 3ಎಂ ಕಂಪನಿ 2022ರ ಡಿಸೆಂಬರಿನಲ್ಲಿ, 2025ರ ಕೊನೆಯೊಳಗೆ ಇಂಥ ರಾಸಾಯನಿಕಗಳ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಘೋಷಿಸಿತು. ಹೀಗಾಗಿ ಅನೇಕರು ಫಲಕದೊಳಗೆ ನೀರು ಹರಿಸುವ ಪದ್ಧತಿಗೆ, ಕೆಲವರು ಕುದಿಯದ ಎಣ್ಣೆಗೆ ತಿರುಗಿದ್ದಾರೆ. ಹಾನಿ ಮಾಡದ, ವಿದ್ಯುತ್ ಹರಿಸದ, 50–60 ಡಿಗ್ರಿಗೆ ಕುದಿಯುವ ಅಗ್ಗದ ದ್ರವವನ್ನು ಯಾರು ಕಂಡುಹಿಡಿಯುತ್ತಾರೋ ಅವರ ಹೆಸರು ಮುಂದಿನ ಪುಸ್ತಕಗಳಲ್ಲಿ ಇರುತ್ತದೆ.

ಇದರಿಂದ ನಮಗೇನು?

ನೀರಿನ ಲೆಕ್ಕ ಮಾಡಿದರೆ ಉತ್ತರ ಸಿಗುತ್ತದೆ. ಬಹಳಷ್ಟು ಡೇಟಾ ಸೆಂಟರುಗಳು ಕಡೆಗೆ ಶಾಖವನ್ನು ಹೊರಹಾಕುವುದು ನೀರನ್ನು ಗಾಳಿಯಲ್ಲಿ ಆವಿ ಮಾಡಿ. ಒಂದು ಯೂನಿಟ್ ವಿದ್ಯುತ್ತಿನ ಶಾಖ 3600 ಕಿಲೋಜೂಲ್. ಅದನ್ನೆಲ್ಲ ಹೀಗೆ ಕಳೆಯಲು ಸುಮಾರು ಒಂದೂವರೆ ಲೀಟರ್ ನೀರು ಹಾರಿಹೋಗಬೇಕು. ಒಂದು ಮೆಗಾವ್ಯಾಟಿನ ಕೇಂದ್ರ ದಿನಕ್ಕೆ 24,000 ಯೂನಿಟ್ ಉಪಯೋಗಿಸಿದರೆ 36,000 ಲೀಟರ್. ಐದು ಸಾವಿರ ಲೀಟರಿನ ಏಳು ಟ್ಯಾಂಕರ್, ದಿನಾಲೂ! ಮುಂಬಯಿ, ನವೀ ಮುಂಬಯಿಯಲ್ಲಿ ಇಂಥ ಕೇಂದ್ರಗಳು ನಮ್ಮ ರಾಜ್ಯದಲ್ಲೇ ಇವೆ. ಮಳೆನೆರಳಿನ ನಮ್ಮ ಜಿಲ್ಲೆಯ ಮಕ್ಕಳಿಗೆ ಟ್ಯಾಂಕರ್ ಎಂದರೇನು ಎಂದು ಹೇಳಿಕೊಡಬೇಕಾಗಿಲ್ಲ. ಉಜನಿಯ ನೀರನ್ನು ಊರು, ಕಬ್ಬು, ಕಾರ್ಖಾನೆ ಮೂವರೂ ಕೇಳುತ್ತಿದ್ದಾರೆ.

ಕುದಿಯುವ ತೊಟ್ಟಿಯಲ್ಲಿ ದ್ರವ ಖರ್ಚಾಗುವುದಿಲ್ಲ. ಹೊರಗಿನ ಸುರುಳಿಯನ್ನು ಬರೀ ಗಾಳಿಯಿಂದ ತಂಪು ಮಾಡಲು ಸಾಧ್ಯವಾದರೆ ನೀರೂ ಖರ್ಚಾಗುವುದಿಲ್ಲ. ಆದರೆ ನಮ್ಮ ಮೇ ತಿಂಗಳು ನೆನಪಿರಲಿ! ಹೊರಗಿನ ಗಾಳಿಯೇ 44–45 ಡಿಗ್ರಿ ಇದ್ದಾಗ 50 ಡಿಗ್ರಿಯ ಆವಿಯನ್ನು ತಣಿಸಲು ಉಳಿಯುವುದು ಐದೇ ಡಿಗ್ರಿ ಅಂತರ. ಕ್ವಿನ್ಸಿಯ ತಂಪು ಹವೆಗೆ ಹೊಂದಿದ ದ್ರವ ಸೋಲಾಪುರದ ಬಿಸಿಲಿಗೆ ಹೊಂದಲಾರದು. ಇಲ್ಲಿಗೆ 60 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುವ ದ್ರವ ಬೇಕು. ಇಂಥ ಪ್ರಶ್ನೆ ಇಲ್ಲಿ ಬದುಕಿದವರಿಗೆ ಬೇಗ ಹೊಳೆಯುತ್ತದೆ.

ಇನ್ನು ಭಾಷೆಯ ಮಾತು. "ಕನ್ನಡ ಮಾಧ್ಯಮದಲ್ಲಿ, ಅದೂ ಮಹಾರಾಷ್ಟ್ರದಲ್ಲಿ ಓದಿದರೆ ಮುಂದೆ ಏನು?" ಎಂದು ಪಾಲಕರು ಕೇಳುತ್ತಾರೆ. ಪಟದಲ್ಲಿ ಮಕ್ಕಳ ಸಂಖ್ಯೆ ಇಳಿಯುವುದನ್ನು ನಾವೆಲ್ಲ ನೋಡುತ್ತಿದ್ದೇವೆ. ಅವರ ಆತಂಕ ಸುಳ್ಳಲ್ಲ. ನುಕಿಯಾಮಾ ಅವರ ಕಥೆಯಲ್ಲಿ ಎರಡು ಪಾಠಗಳಿವೆ. ತಾಯಿನುಡಿಯಲ್ಲಿ ಯೋಚಿಸಿ, ತಾಯಿನುಡಿಯಲ್ಲೇ ಬರೆದು ಜಗತ್ತಿಗೆ ಹೊಸದನ್ನು ಕೊಡಬಹುದು ಎಂಬುದು ಒಂದು. ಅನುವಾದದ ಸೇತುವೆ ತಡವಾದರೆ ಆ ಕೆಲಸ ಜಗತ್ತಿಗೆ ಪೂರ್ತಿಯಾಗಿ ತಲುಪಲು ಮೂವತ್ತು ವರ್ಷ ಕಾಯಬೇಕಾಗುತ್ತದೆ ಎಂಬುದು ಇನ್ನೊಂದು. ಎರಡನ್ನೂ ಮಕ್ಕಳಿಗೆ ಹೇಳಬೇಕು. ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಪುಸ್ತಕದಲ್ಲಿ ಹಿಂದಿ, ಇಂಗ್ಲಿಷ್ ಇವೆ. ಸೇತುವೆ ಕಟ್ಟುವ ಸಾಮಾನು ಬೇರೆ ಮಕ್ಕಳಿಗಿಂತ ಇವರ ಕೈಯಲ್ಲೇ ಹೆಚ್ಚಿದೆ. ಆದರೆ ಮೊದಲು ವಿಷಯ ತಿಳಿಯಬೇಕು, ಅದು ತಿಳಿಯುವುದು ತಿಳಿಯುವ ಭಾಷೆಯಲ್ಲಿ.

ತರಗತಿಯಲ್ಲಿ ಮಾಡಿ ನೋಡಿ

1) ಬಿಸಿಯೂಟದ ಅಡುಗೆ ಕೋಣೆಯಲ್ಲಿ ಅಡುಗೆಯವರ ಅನುಮತಿ ಪಡೆದು, ಶಿಕ್ಷಕರೇ ಖುದ್ದಾಗಿ, ಒಣ ಹಂಚನ್ನು ಕಾಯಿಸುತ್ತಾ ನಿಮಿಷಕ್ಕೊಂದು ಹನಿ ನೀರು ಬಿಡಿ. ಪ್ರತಿ ಹನಿ ಎಷ್ಟು ಸೆಕೆಂಡ್ ಉಳಿಯಿತು ಎಂದು ಮಕ್ಕಳು ದೂರದಲ್ಲಿ ನಿಂತು ಬರೆದುಕೊಳ್ಳಲಿ. ಎಣ್ಣೆ ಇರುವ ಹಂಚಿಗೆ ಖಂಡಿತ ನೀರು ಹಾಕಬೇಡಿ.

2) ಆ ಸೆಕೆಂಡುಗಳ ಆಲೇಖವನ್ನು ಚೌಕಳಿ ಹಾಳೆಯ ಮೇಲೆ ಬಿಡಿಸಲಿ. ಮೊದಲು ಇಳಿದು, ಹಂಚು ಅತಿಯಾಗಿ ಕಾದಾಗ ಮತ್ತೆ ಏರುವ ಗೆರೆ ಬರುತ್ತದೆ.

3) ಹಂಚಿನ ಹನಿಯ ಬಗ್ಗೆ ಮನೆಯಲ್ಲಿ ಅಜ್ಜಿ, ಅವ್ವ ಏನು ಹೇಳುತ್ತಾರೆ, ಯಾವ ಮಾತಿನಲ್ಲಿ ಹೇಳುತ್ತಾರೆ ಎಂದು ಕೇಳಿ, ಅವರ ಮಾತಿನಲ್ಲೇ ಬರೆದು ತರಲಿ. ಈ ಸಲವಾದರೂ ಅದು ಬರಹದಲ್ಲಿ ಉಳಿಯಲಿ.

ನಿಮ್ಮ ಶಾಲೆಯ ಮಕ್ಕಳು ಬಿಡಿಸಿದ ಆಲೇಖ ಹೇಗೆ ಬಂತು, ಎಷ್ಟನೆಯ ಹನಿಗೆ ಮುತ್ತಾಯಿತು ಎಂದು ತಪ್ಪದೆ ತಿಳಿಸಿ.